ನಡುಬೆನ್ನಿನ ಬಿಳಿ ಗೆರೆ

ಗಂಡ ಇವತ್ತು ಸಿಕ್ಕಿಬೀಳಬೇಕು ಎಂದು ಅವಳಿಗೆ ಅನ್ನಿಸಿದ್ದು ಒಲೆಯ ಮುಂದೆ. ಅನ್ನಿಸಿದ ಕೂಡಲೇ, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ, ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಅತ್ತೆ ಹೊರಗೆ ಮೆಟ್ಟಿಲ ಮೇಲೆ ಎಳೆಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಗಂಡ ಬೆಳಕು ಹರಿಯುವಾಗಲೇ ಟಿಪ್ಪರ್ ತೆಗೆದುಕೊಂಡು, ಹೊಸದಾಗಿ ಹಾಕಿದ ಕ್ಯಾಮೆರಾ ಕಣ್ಣು ಬಿಡುವ ಮೊದಲೇ ಹಳೇ ಸೇತುವೆ ದಾಟಿ, ಆಚೆ ದಡದ ಕ್ವಾರಿಗೆ ಹೋಗಿಬಿಟ್ಟಿದ್ದ. ಮಧ್ಯಾಹ್ನ ಜಲ್ಲಿ ತುಂಬಿಕೊಂಡು ಅದೇ ಸೇತುವೆಯ ಮೇಲೆ ವಾಪಸು ಬಂದು, ಟಿಪ್ಪರನ್ನು ಮನೆಯ ಮುಂದೆ ನಿಲ್ಲಿಸಿ, ಊಟಕ್ಕೆ ಕೂರುವುದು ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ. ಆ ಹೊತ್ತಿಗೆ ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಅದನ್ನು ಕೇಳಿಯೇ ಅವಳು ತಟ್ಟೆ ಹಾಕುತ್ತಿದ್ದಳು. ಇವತ್ತು ತಟ್ಟೆ ಹಾಕಲು ಅವಳಿರುವುದಿಲ್ಲ. ಸೇತುವೆಯ ಈಚೆ ತುದಿಯಲ್ಲಿರುವ ಸುಂಕದ ಕೋಣೆಯಲ್ಲಿ, ಕ್ಯಾಮೆರಾ ತೋರಿಸಿದ್ದನ್ನು ನೋಡುತ್ತಾ ಕೂತಿರುತ್ತಾಳೆ. ಹೊಸ ಕೆಲಸ, ಮೊದಲ ದಿನ. ಅಡುಗೆ ಮಾಡಿ ಮುಚ್ಚಿಟ್ಟು, ಮುಚ್ಚಿದ್ದನ್ನು ತೆಗೆದು ನೋಡಿ, ಮತ್ತೆ ಮುಚ್ಚಿ, ಕನ್ನಡಿಯ ಮುಂದೆ ಎರಡನೇ ಸಲ ನಿಂತಾಗ ಹೊರಗಿನಿಂದ ಅತ್ತೆಯ ದನಿ ಬಂತು.

"ಕಳ್ಳರನ್ನ ಹಿಡಿಯೋಕೆ ಹೋಗೋರು ಎರಡೆರಡು ಸಲ ತಲೆ ಬಾಚ್ಕೋತಾರೇನೇ?"

ಅತ್ತೆಗೆ ಬಾಯಿ ಜೋರು, ಕಣ್ಣು ಇನ್ನೂ ಜೋರು. ಮೆಟ್ಟಿಲು ಇಳಿಯುವಾಗ ಅವರು ಕಾಲನ್ನು ಒಂದಿಷ್ಟೇ ಮಡಚಿ ದಾರಿ ಬಿಟ್ಟು, ನನ್ನ ಮಗ ಹೊಟ್ಟೆಗೋಸ್ಕರ ಸೇತುವೆ ಏನು ಸಮುದ್ರವನ್ನೂ ದಾಟುತ್ತಾನೆ, ನೋಡುತ್ತಿರು ಎಂದರು. ತಮಾಷೆಗೋ ಎಚ್ಚರಿಕೆಗೋ ತಿಳಿಯಲಿಲ್ಲ. ಅವಳ ಎದೆ ಮಾತ್ರ ಹಗ್ಗ ಬಿಚ್ಚಿದ ಕರುವಿನ ಹಾಗೆ ಮುಂದೆ ಮುಂದೆ ಓಡುತ್ತಿತ್ತು. ಸೇತುವೆ ಕಣ್ಣಿಗೆ ಬಿದ್ದಾಗ ಇನ್ನೂ ಹೆಚ್ಚಾಯಿತು. ಕಲ್ಲಿನ ಕಮಾನುಗಳು ಹೊಳೆಯ ಮೇಲೆ ಬೆನ್ನು ಬಾಗಿಸಿಕೊಂಡು ನಿಂತಿದ್ದವು. ಯಾರ ಅಜ್ಜನ ಅಜ್ಜ ಕಟ್ಟಿದ್ದೋ, ಎತ್ತಿನ ಗಾಡಿಗೆಂದು, ಕುದುರೆಗೆಂದು, ತಲೆಹೊರೆಯವರಿಗೆಂದು ಕಟ್ಟಿದ್ದು. ಭಾರದ ವಾಹನ ಬರಬಾರದು ಎನ್ನುವ ಹಲಗೆ ಎರಡೂ ತುದಿಯಲ್ಲಿ ಮೊದಲಿಂದ ಇದೆ. ಆ ಹಲಗೆ ಇದ್ದದ್ದು ಕಾಗೆ ಕೂರುವುದಕ್ಕೆ. ಕೆಲವು ಕಾಲ ಒಬ್ಬ ಪೊಲೀಸಪ್ಪ ನಿಂತಿದ್ದ. ಅವನು ನಿಂತಿದ್ದು ಸೇತುವೆಯ ನೆರಳಿನಲ್ಲಿ, ಸೇತುವೆಯ ಮೇಲಲ್ಲ. ಹೋದ ಬೇಸಿಗೆಯಲ್ಲಿ ನಡುಕಮಾನಿನ ಹೊಟ್ಟೆಯಿಂದ ಒಂದು ಕಲ್ಲು ಕಳಚಿ, ಕೆಳಗೆ ಬಟ್ಟೆ ಒಗೆಯುತ್ತಿದ್ದವಳ ಪಕ್ಕದಲ್ಲೇ ನೀರಿಗೆ ಬಿತ್ತು. ಆ ಹೆಂಗಸು ಒಗೆಯುತ್ತಿದ್ದ ಬಟ್ಟೆ ಹಿಡಿದುಕೊಂಡೇ ಊರೊಳಗೆ ಓಡಿ ಬಂದಿದ್ದಳು, ದಾರಿಯುದ್ದಕ್ಕೂ ನೀರು ಸುರಿಸುತ್ತಾ. ಕಲ್ಲು ಬಿದ್ದ ಹೊತ್ತು ಮಧ್ಯಾಹ್ನ ಊಟದ ಹೊತ್ತು ಎಂದು ಎಲ್ಲರೂ ಹೇಳಿದರು. ಆ ಹೊತ್ತಿಗೆ ಸೇತುವೆ ಮೇಲೆ ಹೋದದ್ದು ಯಾರ ಗಾಡಿ ಎಂದು ಯಾರೂ ಹೇಳಲಿಲ್ಲ. ಅವಳ ಮನೆಯ ಗೂಡಿನಲ್ಲಿ ಲೋಟಗಳು ಆಗಷ್ಟೇ ಸುಮ್ಮನಾಗಿದ್ದವು. ಗಂಡ ಕೈ ತೊಳೆಯುತ್ತಾ, ಏನು ಗಲಾಟೆ ಹೊರಗೆ ಎಂದು ಕೇಳಿದ್ದ. ಅವಳು ತಟ್ಟೆ ಹಾಕಿದ್ದಳು.

ಸುಂಕದ ಕೋಣೆಗೆ ಸುಣ್ಣ ಬಳಿದಿದ್ದರು. ಹಳೇ ಕಿಟಕಿ ಹಾಗೇ ಇತ್ತು. ಮದುವೆಗೆ ಮುಂಚೆ ಅವಳು ಆ ಕಿಟಕಿಯ ಹಿಂದೆ ಕೂತು ಚೀಟಿ ಹರಿದು ಕೊಡುತ್ತಿದ್ದಳು. ಅವನು ಅವಳಿಗೆ ಮೊದಲು ಕಂಡದ್ದೂ ಆ ಕಿಟಕಿಯಲ್ಲೇ, ಗಾಡಿಯ ಮೇಲಿನಿಂದ ಚಾಚಿದ ಒಂದು ಕೈಯಾಗಿ. ಮಣಿಕಟ್ಟಿನವರೆಗೆ ಧೂಳು, ಅಂಗೈ ಮಾತ್ರ ಕೆಂಪಗೆ. ಮುಖ ನೋಡಲು ಎಷ್ಟೋ ದಿನ ಹಿಡಿಯಿತು. ಈಗ ಕಿಟಕಿಯ ಪಕ್ಕದಲ್ಲಿ ಮೇಜು, ಮೇಜಿನ ಮೇಲೆ ಎರಡು ಪರದೆ. ಒಂದರಲ್ಲಿ ಇಡೀ ಸೇತುವೆ, ಆಚೆ ದಡ, ದಡದ ಮೇಲಿನ ರಸ್ತೆ, ಎಲ್ಲ ನಡೆಯುತ್ತಿರುವ ಹಾಗೇ ಕಾಣುತ್ತದೆ. ಇನ್ನೊಂದರಲ್ಲಿ ಫೋಟೊ ಬಂದು ನಿಲ್ಲುತ್ತದೆ. ಸೇತುವೆಯ ನಡುಬೆನ್ನಿನ ಮೇಲೆ, ಬಿರುಕು ಬಿಟ್ಟ ಕಮಾನು ಶುರುವಾಗುವ ಜಾಗದಲ್ಲಿ, ಅಡ್ಡಕ್ಕೆ ಒಂದು ಬಿಳಿ ಗೆರೆ ಬಳಿದಿದ್ದಾರೆ. ಗೆರೆ ದಾಟಿದ ಗಾಡಿಯ ನಂಬರನ್ನು ಕ್ಯಾಮೆರಾ ಓದಿಕೊಳ್ಳುತ್ತದೆ. ಆ ಗಾಡಿ ಭಾರದ ಜಾತಿಯದ್ದಾದರೆ ಫೋಟೊ ಅವಳ ಮುಂದೆ ಬರುತ್ತದೆ. ಅವಳು ನೋಡಿ ಹೌದು ಎನ್ನುವ ಗುಂಡಿ ಒತ್ತಬೇಕು. ಬೆಂಕಿ ಆರಿಸುವ ಗಾಡಿಯೋ ಆಸ್ಪತ್ರೆಯ ಗಾಡಿಯೋ ಆದರೆ ಮಾತ್ರ ಬಿಡು ಎನ್ನುವುದು. ಹೌದು ಒತ್ತಿದ ಗಾಡಿಯ ಪರ್ಮಿಟ್ಟನ್ನು ತಡೆಹಿಡಿಯುತ್ತಾರೆ. ವರ್ಷ ತುಂಬುವ ತನಕ ಗಾಡಿ ಮನೆಯ ಮುಂದೆ ನಿಂತು ತುಕ್ಕು ತಿನ್ನುತ್ತದೆ.

ಇದನ್ನೆಲ್ಲ ಕಲಿಸಿದ್ದು ಪಕ್ಕದ ಕೋಣೆಯಲ್ಲಿ ಕೂರುವ ಇಂಜಿನಿಯರಮ್ಮ. ವಯಸ್ಸಿನಲ್ಲಿ ಚಿಕ್ಕವಳು, ಮಾತು ಮೃದು. ಕಲಿಸುವಾಗ ಇವಳ ಕೈಯನ್ನು ತನ್ನ ಕೈಯಿಂದ ಹಿಡಿದು ಗುಂಡಿಯ ಮೇಲೆ ಇಟ್ಟಿದ್ದಳು. ಖಾಲಿ ಇದ್ದರೆ ಎಂದು ಇವಳೇ ಕೇಳಿದ್ದಳು. ಖಾಲಿಯೋ ತುಂಬಿದೆಯೋ ಕ್ಯಾಮೆರಾ ನೋಡುವುದಿಲ್ಲ, ಆ ಜಾತಿಯ ಗಾಡಿ ಗೆರೆ ದಾಟಲೇಬಾರದು, ಅಷ್ಟೇ ಎಂದು ಇಂಜಿನಿಯರಮ್ಮ ಹೇಳಿದ್ದಳು. ಆಮೇಲೆ, ನಿಮ್ಮ ಯಜಮಾನರದೂ ಟಿಪ್ಪರ್ ಇದೆಯಂತಲ್ಲ ಎಂದು ಕೇಳಿದ್ದಳು. ಇದೆ, ಬಂದರೆ ಒತ್ತುತ್ತೇನೆ ಎಂದು ಇವಳು ತಟಕ್ಕನೆ ಹೇಳಿಬಿಟ್ಟಿದ್ದಳು. ಹೇಳಿದ ರಭಸಕ್ಕೆ ತಾನೇ ಬೆಚ್ಚಿದ್ದಳು. ಒಳಗಿನಿಂದ ಯಾರೋ ತಳ್ಳಿದ ಹಾಗಿತ್ತು ಮಾತು.

ಯಾರು ತಳ್ಳಿದ್ದು ಎಂದು ಅವಳಿಗೆ ಗೊತ್ತಿಲ್ಲದೆ ಇಲ್ಲ. ಟಿಪ್ಪರ್ ಹೊಸದಾಗಿ ಬಂದ ದಿನ, ಮನೆಯ ಪಕ್ಕದ ಓಣಿಯೊಳಕ್ಕೆ ಅದನ್ನು ಹಿಂದಕ್ಕೆ ತೆಗೆಯುವಾಗ ಅವನು, ನೀನು ಹಿಂದೆ ನಿಂತು ಹೇಳು ಎಂದಿದ್ದ. ಅವಳು ನಿಂತಳು. ಬರ್ಲಿ ಬರ್ಲಿ ಎಂದಳು. ಸಾಕು ಎಂದಳು. ಎಂಜಿನ್ನಿನ ಸದ್ದಿನಲ್ಲಿ ಅವಳ ಸಾಕು ಅವಳ ಗಂಟಲಿನಿಂದ ಆಚೆಗೇ ಹೋಗಲಿಲ್ಲ. ನೆರೆಮನೆಯವರ ನೀರಿನ ತೊಟ್ಟಿ ಒಡೆದು, ಓಣಿಯ ತುಂಬ ನೀರು ಹರಿದು, ಅವರ ಕೋಳಿಗಳು ಗೋಡೆ ಹತ್ತಿದವು. ಅವನು ಇಳಿದು ಬಂದು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸೊಂಟದ ಮೇಲೆ ಕೈಯಿಟ್ಟು, ಕೂಡಿದ ಜನರ ಮುಂದೆ ನಗುತ್ತಾ, "ನಿಂಗೇನ್ ಕಾಣತ್ತೆ" ಎಂದ. ಜನ ನಕ್ಕರು. ಅಲ್ಲಿಂದ ಆ ಮಾತು ಮನೆಯೊಳಕ್ಕೆ ಬಂದು ಸೇರಿಕೊಂಡಿತು. ಸೂಜಿಗೆ ದಾರ ಪೋಣಿಸುವಾಗ ನಿಂಗೇನ್ ಕಾಣತ್ತೆ. ಮಗಳಿಗೆ ಗಂಡು ನೋಡುವಾಗ ನಿಂಗೇನ್ ಕಾಣತ್ತೆ. ಮಗಳು ಕೂಡ ಗಂಡನ ಮನೆಗೆ ಹೋಗುವವರೆಗೆ ಅದನ್ನೇ ಅಂದು ಅಮ್ಮನ ಕೆನ್ನೆ ಚಿವುಟುತ್ತಿದ್ದಳು. ಪ್ರೀತಿಯ ಮಾತೇ. ಚಪ್ಪಲಿಯೊಳಗಿನ ಸಣ್ಣ ಕಲ್ಲಿನ ಹಾಗೆ. ನಡೆಯುವುದಕ್ಕೇನೂ ಅಡ್ಡಿಯಿಲ್ಲ, ಆದರೆ ನಡೆದಷ್ಟು ಹೊತ್ತೂ ಇರುತ್ತದೆ. ತಾನು ಸಾಕು ಅಂದಿದ್ದೆ ಎಂದು ಅವಳು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಮೆಲ್ಲಗೆ ಅಂದದ್ದು ಅಂದ ಹಾಗೆ ಆಗುತ್ತದೆಯೇ.

ಕ್ಯಾಮೆರಾ ಕಣ್ಣು ಬಿಟ್ಟಿತು. ಹಾಲಿನ ವ್ಯಾನು ದಾಟಿತು, ಏನೂ ಬರಲಿಲ್ಲ. ಸೈಕಲ್ಲುಗಳು, ಕಾರುಗಳು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಒಬ್ಬ ಅಪ್ಪ. ಆಚೆ ತುದಿಯಲ್ಲಿ ಒಂದು ದೊಡ್ಡ ಲಾರಿ ಬಂದು, ಹಲಗೆಯ ಮುಂದೆ ನಿಂತು, ಯೋಚಿಸಿ, ಹೊಸ ಸೇತುವೆಯ ಕಡೆಗೆ ಸುತ್ತು ದಾರಿ ಹಿಡಿಯಿತು. ಅದು ತಿರುಗಿದ್ದನ್ನು ನೋಡಿ ಅವಳಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ, ಏಳುವ ಹಾಗೂ ಇರಲಿಲ್ಲ. ಊಟದ ಹೊತ್ತಿಗೆ ನಾನೇ ಬಂದು ಬಿಡಿಸುತ್ತೇನೆ, ಅಲ್ಲಿಯವರೆಗೆ ಕುರ್ಚಿ ಬಿಡಬೇಡಿ, ಮೊದಲ ದಿನ ಮೇಲಿನವರು ಬಂದರೂ ಬರಬಹುದು ಎಂದು ಇಂಜಿನಿಯರಮ್ಮ ಹೇಳಿದ್ದಳು. ಇನ್ನೊಬ್ಬ ಸಿಮೆಂಟಿನ ಲಾರಿಯವನು ಧೈರ್ಯ ಮಾಡಿ ಗೆರೆ ದಾಟಿಯೇಬಿಟ್ಟ. ಟಕ್ಕೆಂದು ಫೋಟೊ ಬಂತು. ಎಷ್ಟು ಸ್ಪಷ್ಟ! ನಂಬರು, ಬಂಪರಿನ ಗೀರು, ಗಾಜಿನ ಹಿಂದೆ ಆಕಳಿಸುತ್ತಿದ್ದ ಡ್ರೈವರಿನ ತೆರೆದ ಬಾಯಿ. ಅವಳು ಹೌದು ಒತ್ತಿದಳು. ಬೆರಳ ತುದಿಯಿಂದ ಭುಜದವರೆಗೆ ಏನೋ ಹರಿದು ಹೋಯಿತು. ನಿಂಗೇನ್ ಕಾಣತ್ತೆ. ಎಲ್ಲ ಕಾಣತ್ತೆ, ಎಲ್ಲ. ಹೊಳೆಯ ಮೇಲೆ ಹಾರುವ ಕೊಕ್ಕರೆಯ ಕಾಲು ಕೂಡ ಕಾಣತ್ತೆ. ಮಧ್ಯಾಹ್ನಕ್ಕೆ ಅವನು ಇದೇ ಪರದೆಯಲ್ಲಿ ಬಂದು ನಿಲ್ಲುತ್ತಾನೆ. ಅವನಿಗೆ ಅವಳು ಕಾಣುವುದಿಲ್ಲ, ಅವಳಿಗೆ ಅವನು ಕಾಣುತ್ತಾನೆ. ಮದುವೆಯ ಹಿಂದಿನ ದಿನವೂ ಹೀಗೇ ಹೊತ್ತು ಎಣಿಸಿದ್ದಳು.

ಆದರೆ ಮೊನ್ನೆಯ ಸಂಜೆ ನಡುನಡುವೆ ಬಂದು ಎದುರು ಕೂರುತ್ತಿತ್ತು. ಅವನು ಚಾಪೆಯ ಮೇಲೆ ಒರಗಿಕೊಂಡು, ಬೆನ್ನು ತುರಿಸಿಕೊಳ್ಳುತ್ತಾ, ಎಂದೂ ಅವಳನ್ನು ಏನೂ ಕೇಳದವನು, ಅಲ್ಲ ಕಣೇ, ಆ ಕ್ಯಾಮೆರಾಕ್ಕೆ ಭಾರ ಹೆಂಗೆ ತಿಳಿಯುತ್ತೆ ಎಂದು ಕೇಳಿದ್ದ. ಕಲ್ಲಿನ ಮೇಲೆ ಗಾಡಿ ಕುಗ್ಗೋದನ್ನ ನೋಡುತ್ತೋ ಏನೋ ಎಂದೂ ಸೇರಿಸಿದ್ದ. ಅವಳು ಬಟ್ಟೆ ಮಡಿಸುತ್ತಿದ್ದಳು. ನಂಬರು ನೋಡುತ್ತೆ, ಖಾಲಿ ಇದ್ದರೂ ಬಿಡೋದಿಲ್ಲ ಎಂದು ಹೇಳುವುದಕ್ಕೆ ಉಸಿರು ಕೂಡ ಎಳೆದುಕೊಂಡಿದ್ದಳು. ಹೇಳಿದ್ದು ಮಾತ್ರ, ಅದಕ್ಕೆಲ್ಲ ಗೊತ್ತಾಗತ್ತೆ ಎಂದು. ಅವನು ಹೂಂ ಎಂದ. ಡ್ರೈವರುಗಳೆಲ್ಲ ನನ್ನ ಕೆಣಕುತ್ತಾರೆ, ಆನೆ ಇನ್ನು ಬಾಲ ಮುದುರಿಕೊಂಡು ಸುತ್ತು ದಾರಿ ಹಿಡಿಯುತ್ತೆ, ರಸ್ತೆ ಬದಿಯಲ್ಲಿ ಬುತ್ತಿ ಬಿಚ್ಚುತ್ತೆ ಅಂತಾರೆ ಎಂದ. ಆನೆ ಎನ್ನುವುದು ಅವನಿಗೆ ಅವರಿಟ್ಟ ಹೆಸರು. ಸೇತುವೆ ಮೇಲೇ ಬರ್ತೀನಿ, ಊಟಕ್ಕೆ ಮನೆಗೇ ಬರ್ತೀನಿ, ಅದೂ ಕಾನೂನು ಪ್ರಕಾರ ಬರ್ತೀನಿ ಅಂತ ಹೇಳಿ ಬಂದಿದ್ದೀನಿ ಎಂದ. ಕಾನೂನು ಪ್ರಕಾರ ಎಂದರೆ ಏನು ಎಂದು ಅವಳು ಕೇಳಲಿಲ್ಲ. ಕೇಳಿದರೆ ಹೇಳಬೇಕಾಗುತ್ತಿತ್ತು. ಮಡಿಸಿದ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದಳು.

ನೆತ್ತಿಯ ಮೇಲೆ ಬಿಸಿಲು ಬಂತು. ದೊಡ್ಡ ಪರದೆಯಲ್ಲಿ ಆಚೆ ದಡದ ರಸ್ತೆ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಕೊನೆಯಲ್ಲಿ ಧೂಳು ಎದ್ದಾಗಲೇ ಅವಳಿಗೆ ಗೊತ್ತಾಯಿತು. ಧೂಳು ಏಳುವುದರಲ್ಲೂ ಅವನದ್ದೊಂದು ರೀತಿಯಿದೆ. ಹಸಿರು ಕ್ಯಾಬಿನ್ನು, ಹೊರೆ ಹೊತ್ತು ಕುಗ್ಗಿದ ಹಿಂಭಾಗ. ಅವಳು ಅರಿಯದೆ ಬೆರಳನ್ನು ಗುಂಡಿಯ ಮೇಲಿಟ್ಟಳು. ಬಾ ಎಂದು ಬಾಯಲ್ಲೇ ಅಂದುಕೊಂಡಳು. ಟಿಪ್ಪರ್ ಹಲಗೆಯ ಹತ್ತಿರ ಬಂದು, ಸೇತುವೆಗೆ ಹತ್ತದೆ, ಪಕ್ಕದ ಬಯಲಿಗೆ ಇಳಿದು ನಿಂತಿತು. ಹಾಗಾದರೆ ಹೆದರಿದ. ಅವಳಿಗೆ ಸಮಾಧಾನವಾಗಬೇಕಿತ್ತು. ಮೂಗಿನವರೆಗೆ ಬಂದ ಸೀನು ಹಿಂದಕ್ಕೆ ಹೋದ ಹಾಗಾಯಿತು. ಸುತ್ತು ದಾರಿಗೆ ತಿರುಗಿಸುತ್ತಾನೆ, ಊಟ ಮನೆಯಲ್ಲಿ ಆರುತ್ತದೆ, ಮುಗಿಯಿತು. ಅಷ್ಟರಲ್ಲಿ ಟಿಪ್ಪರಿನ ತೊಟ್ಟಿ ಮೆಲ್ಲಗೆ ಮೇಲಕ್ಕೆ ಎದ್ದಿತು. ಎದ್ದು, ಇನ್ನೂ ಎದ್ದು, ಹಿಂದಿನ ಬಾಗಿಲು ತೆರೆದುಕೊಂಡು, ಬೆಳಗಿನಿಂದ ತುಂಬಿದ ಜಲ್ಲಿಯೆಲ್ಲ ಬಯಲಿಗೆ ಸುರಿಯಿತು. ಸದ್ದು ಪರದೆಗೆ ಬರುವುದಿಲ್ಲ. ಸದ್ದಿಲ್ಲದೆ ಒಂದು ಗುಡ್ಡ ಬೆಳೆಯಿತು. ತೊಟ್ಟಿ ಇಳಿಯಿತು. ಸ್ಪ್ರಿಂಗುಗಳು ಮೇಲೆದ್ದು ಗಾಡಿ ಒಂದು ಗೇಣು ಎತ್ತರವಾಯಿತು.

ಅವನು ಇಳಿದ. ಒಂದು ಸಲಿಕೆಯನ್ನು ತೆಗೆದು ಗುಡ್ಡಕ್ಕೆ ಚುಚ್ಚಿ ನಿಲ್ಲಿಸಿದ. ಉಂಡು ವಾಪಸು ಬಂದು ಅಷ್ಟೂ ಜಲ್ಲಿಯನ್ನು ಕೈಯಿಂದಲೇ ಮತ್ತೆ ತುಂಬುತ್ತಾನೆ, ಆನೆ, ಈ ವಯಸ್ಸಿನಲ್ಲಿ, ಒಂದು ಊಟಕ್ಕೆ. ಅವಳು ಹಾಗೆ ಅಂದುಕೊಳ್ಳುತ್ತಿರುವಾಗಲೇ ಅವನು ಗಾಡಿಯ ಮುಂದಕ್ಕೆ ಬಂದ. ಹೆಗಲ ಟವೆಲ್ ತೆಗೆದು, ಉಗುಳು ಹಚ್ಚಿ, ಬಾಗಿ, ನಂಬರ್ ಹಲಗೆಯನ್ನು ಒರೆಸತೊಡಗಿದ. ಒಂದೊಂದೇ ಅಕ್ಷರ. ಮೂಲೆಗಳನ್ನು ಬೆರಳಿಗೆ ಬಟ್ಟೆ ಸುತ್ತಿಕೊಂಡು ಒರೆಸಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನೋಡಿ, ಅದೇ ಟವೆಲಿನಿಂದ ತನ್ನ ಮುಖವನ್ನೂ ಒರೆಸಿಕೊಂಡು, ಕೂದಲನ್ನು ಕೈಯಿಂದ ಹಿಂದಕ್ಕೆ ನೀವಿಕೊಂಡ. ಫೋಟೊ ಸ್ಟುಡಿಯೋಕ್ಕೆ ಹೋಗುವವನ ಹಾಗೆ.

ಅವಳು ಕುರ್ಚಿ ಬಿಟ್ಟು ಎದ್ದದ್ದು ಅವಳಿಗೆ ನೆನಪಿಲ್ಲ. ಕುರ್ಚಿ ಬಿದ್ದ ಸದ್ದಿಗೆ ಪಕ್ಕದ ಕೋಣೆಯಿಂದ ಇಂಜಿನಿಯರಮ್ಮ ಏನೋ ಕೂಗಿದಳು. ಹೊರಗೆ ಬೆಳಕು ಮುಖಕ್ಕೆ ಬಡಿಯಿತು. ಸೇತುವೆಯ ಕಲ್ಲುಗಳು ಅಂಗಾಲಿಗೆ ಬಿಸಿ ಬಿಸಿ. ಚಪ್ಪಲಿ ಮೇಜಿನ ಕೆಳಗೇ ಉಳಿದಿತ್ತು. ಎಷ್ಟು ಕಾಲವಾಗಿತ್ತು ಓಡಿ! ಎದುರಿಗೆ ಬಂದ ಸೈಕಲ್ಲಿನವನು ಗೋಡೆಯ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಆಚೆ ತುದಿಯಲ್ಲಿ ಟಿಪ್ಪರ್ ಸೇತುವೆಗೆ ಹತ್ತಿತು. ಖಾಲಿ ತೊಟ್ಟಿ ಹೊಡೆದುಕೊಳ್ಳುತ್ತಾ, ಹಗುರಾಗಿ, ಕುಣಿಯುತ್ತಾ ಬರುತ್ತಿತ್ತು. ತಾನು ಯಾಕೆ ಓಡುತ್ತಿದ್ದೇನೆ, ಅವನನ್ನು ಉಳಿಸಲಿಕ್ಕೋ, ತನ್ನನ್ನೋ? ಕೆಲಸ ಹೋಯಿತು, ಹೋಗಲಿ, ಇಲ್ಲ, ಹೋಗಬಾರದು. ಬಿಳಿ ಗೆರೆ ಸಿಕ್ಕಿತು. ಅದನ್ನು ದಾಟಿ, ಎರಡೂ ಕೈ ಎತ್ತಿ, ಸೇತುವೆಯ ನಡುವೆ ನಿಂತುಬಿಟ್ಟಳು. ಮಾತು ಬರಲಿಲ್ಲ. ಕೈಯನ್ನೇ ಬೀಸಿದಳು. ಹಸಿರು ಕ್ಯಾಬಿನ್ನು ದೊಡ್ಡದಾಗುತ್ತಾ ಬಂದು, ಬ್ರೇಕಿನ ಉಸಿರು ಬಿಟ್ಟು, ಅವಳ ಮುಂದೆ ನಿಂತಿತು. ಕಿಟಕಿಯಿಂದ ಅವನ ತಲೆ ಹೊರಗೆ ಬಂತು. ಮುಖ ತುಂಬ ನಗು.

"ಖಾಲಿ ಮಾಡ್ಕೊಂಡು ಬಂದಿದೀನಿ ಕಣೇ. ಒಂದು ಕಲ್ಲೂ ಇಲ್ಲ. ಹತ್ತಿ ನೋಡು ಬೇಕಾದ್ರೆ."

"ಖಾಲಿ ಇದ್ರೂ ಹಿಡಿಯುತ್ತೆ ರೀ," ಎಂದಳು ಅವಳು, ಏದುಸಿರು ಬಿಡುತ್ತಾ. "ಅದು ಭಾರ ನೋಡಲ್ಲ. ನಂಬರ್ ನೋಡುತ್ತೆ."

ಅವನು ಅವಳನ್ನು ನೋಡಿದ. ಆಮೇಲೆ ಕಿಟಕಿಯಿಂದ ಇನ್ನಷ್ಟು ಬಾಗಿ, ತಾನು ಒರೆಸಿದ ನಂಬರ್ ಹಲಗೆಯನ್ನು ನೋಡಲು ಪ್ರಯತ್ನಿಸಿದ. ಅದು ಬಿಸಿಲಿಗೆ ಮಿರಿಮಿರಿ ಮಿಂಚುತ್ತಿತ್ತು. ಹೊಟ್ಟೆಯೊಳಗಿಂದ ಎದ್ದ ನಗುವನ್ನು ಅವಳು ಹಲ್ಲು ಕಚ್ಚಿ ತಡೆದಳು. ಅಳುವೂ ಅಲ್ಲೇ ಇತ್ತು, ನಗುವಿನ ಹಿಂದೆ ಸಾಲಾಗಿ. ಅವನ ಮುಖದಿಂದ ನಗು ನಿಧಾನವಾಗಿ ಇಳಿದು ಹೋಯಿತು.

"ಮೊನ್ನೆ ಕೇಳಿದಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ?"

"ನೀವು ಸಿಕ್ಕಿಬೀಳ್ಲಿ ಅಂತಿದ್ದೆ."

ಎಂಜಿನ್ನು ಗೊರ ಗೊರ ಎನ್ನುತ್ತಿತ್ತು. ಕಾಲ ಕೆಳಗೆ ಕಲ್ಲುಗಳು ನಡುಗುತ್ತಿದ್ದವು, ಮನೆಯ ಲೋಟಗಳ ಹಾಗೆ, ಆದರೆ ಸದ್ದಿಲ್ಲದೆ. ಅವನು ಬೈಯಲಿಲ್ಲ. ಹಿಂದಕ್ಕೆ ತಿರುಗಿ ಆಚೆ ದಡದ ಜಲ್ಲಿಯ ಗುಡ್ಡವನ್ನು ನೋಡಿದ. ಅದಕ್ಕೆ ಚುಚ್ಚಿದ ಸಲಿಕೆ ಇಲ್ಲಿಂದ ಕಡ್ಡಿಯ ಹಾಗೆ ಕಾಣುತ್ತಿತ್ತು. ಅವನ ಕಿವಿಯ ಹಿಂದೆ ಕೂದಲು ಇಷ್ಟು ಬೆಳ್ಳಗಾಗಿದೆ ಎಂದು ಅವಳಿಗೆ ಈಗ ಕಂಡಿತು. ಪರದೆಯಲ್ಲಿ ಇದು ಕಂಡಿರಲಿಲ್ಲ.

"ಮತ್ತೆ ಈಗ್ಯಾಕೆ ಓಡಿ ಬಂದೆ?" ಎಂದ, ಅವಳ ಕಡೆಗೆ ತಿರುಗದೆ.

"ಒರೆಸ್ತಾ ಇದ್ರಲ್ಲ," ಎಂದಳು. "ಅದು ಕಾಣಿಸ್ತು."

ಅವಳ ಹಿಂದೆ ಒಂದು ಕಾರು ಹಾರ್ನ್ ಹೊಡೆಯುತ್ತಿತ್ತು. ಈಚೆ ತುದಿಯಲ್ಲಿ ಜನ ಸೇರಿದ್ದರು. ಸುಂಕದ ಕೋಣೆಯ ಬಾಗಿಲಲ್ಲಿ ಇಂಜಿನಿಯರಮ್ಮ ಕೈಕಟ್ಟಿ ನಿಂತಿದ್ದಳು. ಅವಳ ಪಕ್ಕದಲ್ಲಿ, ಕಣ್ಣಿಗೆ ಕೈ ಅಡ್ಡ ಹಿಡಿದು, ಮೆಟ್ಟಿಲು ಬಿಟ್ಟು ಎಂದೂ ಏಳದ ಅತ್ತೆ, ಮಗ ದಾಟುವುದನ್ನು ನೋಡಲೆಂದು ಬಂದವರು. ಏನು ಹೇಳಬೇಕೋ ಆಮೇಲೆ ಹೇಳುತ್ತಾರೆ, ಇಬ್ಬರೂ. ಈಗ ಇರುವುದು ಇಷ್ಟೇ: ಸೇತುವೆಯ ಮೇಲೆ ಟಿಪ್ಪರ್ ತಿರುಗುವುದಿಲ್ಲ. ಮುಂದೆ ಗೆರೆ. ಹಿಂದೆ, ಎತ್ತಿನ ಗಾಡಿಗೆ ಕಟ್ಟಿದ ಇಕ್ಕಟ್ಟಿನ ದಾರಿ, ನಡುವೆ ಸೊಂಟ ಮುರಿದ ಹಾಗೆ ಒಂದು ಬಾಗು, ಎರಡೂ ಕಡೆ ಮೊಣಕಾಲೆತ್ತರದ ಕಲ್ಲಿನ ಗೋಡೆ. ಅದರಾಚೆ ಹೊಳೆ. ಅವನು ಎಡಗನ್ನಡಿ ನೋಡಿದ, ಬಲಗನ್ನಡಿ ನೋಡಿದ. ಏರಿನ ಮೇಲೆ ಮೂಗೆತ್ತಿ ನಿಂತ ಗಾಡಿಯ ಕನ್ನಡಿಗಳಲ್ಲಿ ಇದ್ದದ್ದು ಎರಡು ತುಂಡು ನೀರು ಮಾತ್ರ.

"ಹಿಂದೆ ಹೋಗಿ ನಿಂತ್ಕೋ," ಎಂದ. "ನಂಗೇನೂ ಕಾಣಲ್ಲ."

ಅವಳು ಟಿಪ್ಪರಿನ ಪಕ್ಕಕ್ಕೆ ಮೈ ಒತ್ತಿ, ಬಿಸಿ ಟಯರುಗಳನ್ನು ದಾಟಿ, ಹಿಂದಕ್ಕೆ ಹೋದಳು. ತೊಟ್ಟಿಯ ಹಿಂಬಾಗಿಲಿನಲ್ಲಿ ಜಲ್ಲಿಯ ಪುಡಿ ಇನ್ನೂ ಸಣ್ಣಗೆ ಉದುರುತ್ತಿತ್ತು. ಅಂಗೈಯಿಂದ ತಗಡಿನ ಮೇಲೆ ಬಡಿದಳು. ಬರ್ಲಿ ಎಂದಳು. ಎಂಜಿನ್ನು ಆ ಮಾತನ್ನು ನುಂಗಿಕೊಂಡಿತು. ಗಾಡಿ ಅಲುಗಲಿಲ್ಲ, ಅವನು ಕಾಯುತ್ತಿದ್ದ. ಅವಳು ಉಸಿರು ತುಂಬಿಕೊಂಡಳು, ಹೊಳೆಯ ಗಾಳಿಯನ್ನೆಲ್ಲ. "ಬರ್ಲಿ!" ಎಂದು ಕೂಗಿದಳು. ತನ್ನೊಳಗೆ ಇಂಥ ದನಿ ಎಲ್ಲಿ ಕೂತಿತ್ತೋ, ನೀರಿಗೆ ಹೋಗಿ ಬಡಿದು ಕಮಾನಿನ ಕೆಳಗಿನಿಂದ ಅದು ಮತ್ತೆ ಮೇಲೆ ಬಂತು. ಟಿಪ್ಪರ್ ಹಿಂದಕ್ಕೆ ಉರುಳಿತು. ಬರ್ಲಿ, ಬರ್ಲಿ, ಎಡಕ್ಕೆ, ಇನ್ನೂ ಎಡಕ್ಕೆ, ನೇರ ಮಾಡಿ, ಬರ್ಲಿ. ಅವಳು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ, ಅಷ್ಟು ದೊಡ್ಡ ಪ್ರಾಣಿಯನ್ನು ದನಿಯಲ್ಲೇ ಕಟ್ಟಿ ಎಳೆಯುವವಳ ಹಾಗೆ ನಡೆದಳು. ಅವಳು ಎಡಕ್ಕೆ ಅಂದರೆ ಅದು ಎಡಕ್ಕೆ ಬಂತು. ಸೊಂಟ ಬಾಗಿದ ಜಾಗ ಹತ್ತಿರವಾಯಿತು. ಹಿಂದಿನ ಟಯರು ಗೋಡೆಯ ಕಡೆಗೆ ವಾಲತೊಡಗಿತು, ಒಂದು ಮೊಳ, ಒಂದು ಗೇಣು. ಕಲ್ಲಿನ ಸಂದಿಯಿಂದ ಸುಣ್ಣದ ಪುಡಿ ಉದುರಿತು.

"ಸಾಕು!"

ಟಿಪ್ಪರ್ ನಿಂತಿತು. ನಿಂತ ರಭಸಕ್ಕೆ ಖಾಲಿ ತೊಟ್ಟಿ ಒಮ್ಮೆ ಢಣ್ ಎಂದು ಸುಮ್ಮನಾಯಿತು. ಟಯರಿಗೂ ಗೋಡೆಗೂ ನಡುವೆ ಅವಳ ಅಂಗೈ ಹಿಡಿಸುವಷ್ಟು ಜಾಗ ಉಳಿದಿತ್ತು. ಅವಳು ಬಾಗಿ ಅಂಗೈಯಿಟ್ಟು ನೋಡಿದಳು. ಮುಂದಿನಿಂದ, ಕ್ಯಾಬಿನ್ನಿನ ಬಾಗಿಲು ಅರ್ಧ ತೆಗೆದುಕೊಂಡು, ಅವನು ಹೊರಗೆ ಬಾಗಿದ. ಇಷ್ಟು ದೂರದಿಂದ ಅವನ ಮುಖದ ಮೇಲೆ ಏನಿದೆ ಎಂದು ತಿಳಿಯುತ್ತಿರಲಿಲ್ಲ.

"ಇನ್ನು ಯಾವ ಕಡೆಗೆ?" ಎಂದು ಕೇಳಿದ.

ಅವಳು ಕೈಯೆತ್ತಿ ತೋರಿಸಿದಳು.